ಏಳು ತಿಂಗಳ ಕಚ್ಚಾ ಹೊಲಿಗೆ

ಆ ಹೊಲಿಗೆ ಅಂಗಡಿಯಲ್ಲಿ ಇದ್ದದ್ದು ಮೂರು ಜನ ಮತ್ತು ಒಂದು ಬೊಂಬೆ. ಬೊಂಬೆಗೆ ತಲೆಯಿಲ್ಲ, ಕೈಯಿಲ್ಲ, ಸೊಂಟದ ಕೆಳಗೆ ಕಾಲಿನ ಬದಲು ಒಂದು ಕಬ್ಬಿಣದ ಕೋಲು. ಆದರೂ ಏಳು ತಿಂಗಳಿಂದ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಉಪಚಾರ ಸಿಗುತ್ತಿದ್ದದ್ದು ಅದಕ್ಕೇ. ಅದರ ಮೈಮೇಲೆ ಬೂದು ಬಣ್ಣದ ಕೋಟೊಂದಿತ್ತು. ಪೂರ್ತಿ ಕೋಟೂ ಅಲ್ಲ. ಬಿಳಿ ನೂಲಿನ ಕಚ್ಚಾ ಹೊಲಿಗೆ ಹಾಕಿ, ಕಳಚಿ ಬೀಳದ ಹಾಗೆ ಹಿಡಿದಿಟ್ಟಿದ್ದ ಬಟ್ಟೆಯ ತುಂಡುಗಳು. ಗುಂಡಿಯಿಲ್ಲ, ಕಾಜಾ ಇಲ್ಲ, ತೊಡುವವನೂ ಇಲ್ಲ.

ಮೂವರಲ್ಲಿ ಮೊದಲನೆಯವಳು ಅತ್ತೆ. ಕಟಿಂಗ್ ಅವಳದು, ಅಂಗಡಿ ಅವಳದು, ಮಾತೂ ಬಹುಪಾಲು ಅವಳದೇ. ಅವಳ ಕತ್ತರಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕೇಳಬೇಕಾದ ಮಾತು ಕತ್ತರಿಗಿಂತ ಹರಿತ. ಎರಡನೆಯವನು ಕಾಜಾ ತಾತ. ಅರವತ್ತು ದಾಟಿದವರೂ ಅವನನ್ನು ತಾತ ಅಂತಲೇ ಕರೆಯುತ್ತಿದ್ದರು. ಕಿಟಕಿಯ ಪಕ್ಕ ಸ್ಟೂಲಿನಲ್ಲಿ ಕೂತು, ಗುಂಡಿ ತೂರಿಸುವ ತೂತುಗಳನ್ನು ಕತ್ತರಿಸಿ, ಅಂಚಿಗೆ ಕೈಯಲ್ಲೇ ನೂಲು ಸುತ್ತುವುದು ಅವನ ನಲವತ್ತು ವರ್ಷದ ಕೆಲಸ. "ಹೊಲಿಗೆ ತಪ್ಪಿದ್ರೆ ಬಿಚ್ಬಹುದು ಕಣಮ್ಮ. ಕಾಜಾ ಕತ್ತರಿಸಿದ್ಮೇಲೆ ಮುಗೀತು. ತೂತನ್ನ ಯಾರಾದ್ರೂ ಬಿಚ್ತಾರಾ?" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಕೋಟಿನಲ್ಲಿ ಕಾಜಾ ಯಾವತ್ತೂ ಕಡೆಯ ಕೆಲಸ.

ಮೂರನೆಯವಳು ಅತ್ತೆಯ ಅಣ್ಣನ ಮಗಳು. ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದಳಾದ್ದರಿಂದ ಬೀದಿಗೆಲ್ಲ ಅವಳು ಗುಂಡುಸೂಜಿಯೇ. ಬಾಯಲ್ಲಿ ಸೂಜಿ ಇಟ್ಟುಕೊಂಡವರು ಎಷ್ಟು ತಾನೇ ಮಾತಾಡಿಯಾರು? ಒಪ್ಪಿಗೆಗೆ "ಹೂಂ", ಒಲ್ಲೆನೆಂದರೆ "ಊಹೂಂ", ಸಂತೋಷ ಉಕ್ಕಿ ಬಂದರೆ "ಹೂಂಹೂಂ". ಇಷ್ಟರಲ್ಲೇ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದಳು. ಸಂಜೆ ಅಂಗಡಿ ಮುಚ್ಚಿದ ಮೇಲೆ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತೆನೋ ಇಲ್ಲವೋ ಎಂದು ಮೆಟ್ಟಿಲ ಅರ್ಧದಿಂದ ಮೂರು ಸಲವಾದರೂ ವಾಪಸ್ ಬರುವವಳು. ಒಮ್ಮೆ ಈ ಕಾಟವೇ ಬೇಡವೆಂದು ಇಸ್ತ್ರಿಪೆಟ್ಟಿಗೆಯನ್ನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗಿದ್ದಳು.

ಇಂಥವಳ ಬದುಕಿಗೆ ಲಿಫ್ಟಿನವನು ಬಂದದ್ದು ಗುಂಡಿಯ ನೆಪದಲ್ಲಿ.

ಎದುರಿನ ಆರು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ರಿಪೇರಿಗೆ ಬಂದವನು, ಮೊದಲ ದಿನ ಶರ್ಟಿನ ಒಂದು ಗುಂಡಿ ಹಾಕಿಸಿಕೊಂಡು ಹೋದ. ನಾಲ್ಕು ದಿನ ಬಿಟ್ಟು ಇನ್ನೊಂದು. ಆಮೇಲೆ ಮತ್ತೊಂದು. ಗುಂಡಿ ಹಾಕುವಷ್ಟು ಹೊತ್ತೂ ಲಿಫ್ಟಿನ ಕಥೆ ಹೇಳುತ್ತಿದ್ದ. "ಲಿಫ್ಟ್ ತಾನಾಗೇ ಮೇಲೆ ಹೋಗಲ್ಲ ರೀ. ಇದು ಮೇಲೆ ಹೋಗ್ಬೇಕಂದ್ರೆ ಇನ್ನೊಂದು ಕಡೆ ಭಾರ ಕೆಳಗಿಳೀಬೇಕು. ಜನಕ್ಕೆ ಕಾಣೋದು ಮೇಲೆ ಹೋಗೋದು ಮಾತ್ರ."

"ಹೂಂ," ಅನ್ನುತ್ತಿದ್ದಳು ಗುಂಡುಸೂಜಿ.

"ಲಿಫ್ಟ್ ಕೆಲಸದಲ್ಲಿ ಗುಂಡಿಗಳು ಇಷ್ಟೊಂದು ಸಾಯ್ತವೇನಪ್ಪಾ?" ಎಂದು ತಾತ ಕನ್ನಡಕದ ಮೇಲಿಂದ ಕೇಳಿದರೆ, "ಬಹಳ ಅಪಾಯದ ಕೆಲಸ ತಾತ" ಎನ್ನುತ್ತಿದ್ದ.

ತಾನಾಗಿ ಕಿತ್ತುಬಂದ ಗುಂಡಿಯ ಜಾಗದಲ್ಲಿ ನೂಲಿನ ತುದಿ ಎಳೆಎಳೆಯಾಗಿ ಬಿಚ್ಚಿಕೊಂಡಿರುತ್ತದೆ. ಏಳನೆಯ ಗುಂಡಿಯ ಜಾಗದಲ್ಲಿ ನೂಲು ಬ್ಲೇಡಿನಿಂದ ಕುಯ್ದ ಹಾಗೆ ಸಮನಾಗಿತ್ತು. ಗುಂಡುಸೂಜಿ ಅದನ್ನು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ಅವಳು ಆ ಗುಂಡಿಯನ್ನು ಎಂದಿಗಿಂತ ಸಡಿಲವಾಗಿ ಹಾಕಿಕೊಟ್ಟಳು.

ಹನ್ನೊಂದು ಗುಂಡಿಗಳಾದ ಮೇಲೆ ಅವನು ಬೂದು ಬಟ್ಟೆ ತಂದು ಮೇಜಿನ ಮೇಲಿಟ್ಟ. "ಒಂದು ಕೋಟು ಬೇಕು. ಅದನ್ನ ಹಾಕ್ಕೊಂಡ ದಿನ ನಿಮ್ಮನ್ನ ಒಂದು ಮಾತು ಕೇಳೋದಿದೆ. ಗ್ರೀಸ್ ಮೆತ್ತಿದ ಶರ್ಟಲ್ಲಿ ನಿಂತು ಕೇಳೋ ಮಾತಲ್ಲ ಅದು."

ಅವಳ ಕೈಯಲ್ಲಿದ್ದ ಟೇಪು ಹಾವಿನ ಹಾಗೆ ನೆಲಕ್ಕೆ ಜಾರಿತು. ಅತ್ತೆ ಎಷ್ಟೋ ಸಲ ಹೇಳಿಕೊಟ್ಟಿದ್ದಳು: "ಎದೆ ಅಳತೆ ತೆಗೀವಾಗ ಗಿರಾಕೀನ ಮಾತಾಡಿಸ್ತಿರು. ಮಾತಾಡೋನು ಉಸಿರು ಬಿಡ್ತಾನೆ, ಅಳತೆ ಸರಿ ಸಿಗುತ್ತೆ." ಆದರೆ ಅವತ್ತು ಬಾಯಲ್ಲಿ ಆರು ಸೂಜಿ, ಎದೆಯಲ್ಲಿ ನಗಾರಿ. ಅವಳು ಮಾತಾಡಿಸಲಿಲ್ಲ. ಅವನೂ ಮಾತಾಡಲಿಲ್ಲ. ಅಳತೆ ಬರೆದುಕೊಂಡಳು. ಬೇರೆ ಊರಿನ ಆಸ್ಪತ್ರೆಯೊಂದಕ್ಕೆ ಲಿಫ್ಟ್ ಕೂರಿಸುವ ಮೂರು ವಾರದ ಕೆಲಸವಿದೆ ಎಂದ ಅವನು. ಅವಳು ಆರ್ಡರ್ ಪುಸ್ತಕದಲ್ಲಿ ಚೀಟಿ ಬರೆದು, ಅವನ ಅರ್ಧ ಹರಿದು ಕೊಟ್ಟಳು. ಅವನು ಹೋದ.

ಮೂರು ವಾರ ಮೂರು ತಿಂಗಳಾಯಿತು. ಮೂರು ಐದಾಯಿತು. ಐದು ಏಳಾಯಿತು.

ಕಾಯುವುದೆಂದರೆ ಒಂದೇ ಕಡೆ ಕೂತಿರುವುದು ಎಂದು ತಿಳಿದವರು ಯಾರಿಗೂ ಕಾದವರಲ್ಲ. ಗುಂಡುಸೂಜಿ ಆ ಏಳು ತಿಂಗಳಲ್ಲಿ ತಿರುಗಿದಷ್ಟು ಊರನ್ನು ಬಸ್ಸಿನ ಡ್ರೈವರೂ ತಿರುಗಿರಲಿಕ್ಕಿಲ್ಲ. ಬೊಂಬೆಯ ಮುಂದೆ ನಿಂತು ಕೋಟಿನ ಭುಜ ನೇವರಿಸಿದರೆ ಸಾಕು, ಹೊರಟೇಬಿಡುತ್ತಿದ್ದಳು. ಅವನಿರುವ ಊರನ್ನು ಅವಳು ಕಂಡಿರಲಿಲ್ಲವಾದ್ದರಿಂದ ತಾನೇ ಕಟ್ಟಬೇಕಾಯಿತು. ಮೊದಲು ಒಂದು ಆಸ್ಪತ್ರೆ, ಅದಕ್ಕೆ ಐದು ಮಹಡಿ. ಆಮೇಲೆ ಒಂದು ಬೀದಿ, ಬೀದಿಯ ಕೊನೆಗೆ ಅವನಿಗೊಂದು ಬಾಡಿಗೆ ಕೋಣೆ. ಕೋಣೆ ಬಂದ ಮೇಲೆ ಮನೆ ಒಡತಿ ಬಾರದಿರುತ್ತಾಳೆಯೇ? ಬಂದಳು. ಕೈತುಂಬ ಬಡಿಸುವ ಹೆಂಗಸು. ಸಾಕು ಅಂದರೆ ಇನ್ನೊಂದು ಸೌಟು ಅಂತ ತಿಳಿಯುವವಳು. ಈ ಲೆಕ್ಕದಲ್ಲಿ ಅವನ ಹೊಟ್ಟೆ ಬಂದಿರಲೇಬೇಕು ಅನಿಸಿ, ಎರಡನೆಯ ತಿಂಗಳು ಅವಳು ಕೋಟಿನ ಸೊಂಟವನ್ನು ಅರ್ಧ ಇಂಚು ಬಿಚ್ಚಿ ಸಡಿಲ ಮಾಡಿದಳು.

ಮೂರನೆಯ ತಿಂಗಳು ಅವನು ದಿನವಿಡೀ ಉಕ್ಕಿನ ಹಗ್ಗ ಎಳೆಯುವುದನ್ನು ನೋಡಿಬಂದಳು. ಭುಜ ಅಗಲ ಮಾಡಿದಳು.

ನಾಲ್ಕನೆಯ ತಿಂಗಳು ಆ ಊರಿಗೆ ಒಬ್ಬ ನರ್ಸು ಬಂದಳು. ಅವಳನ್ನು ಯಾರು ಕರೆದರೋ ಗೊತ್ತಿಲ್ಲ. ಊರು ಕಟ್ಟಿದ್ದು ಗುಂಡುಸೂಜಿ, ಆಸ್ಪತ್ರೆ ಕಟ್ಟಿದ್ದೂ ಗುಂಡುಸೂಜಿ. ಆದರೂ ಈ ನರ್ಸು ಹೇಳದೆ ಕೇಳದೆ ಬಂದು ಲಿಫ್ಟಿನ ಬಾಗಿಲ ಬಳಿಯೇ ನಿಂತಳು. ಸಾಲದ್ದಕ್ಕೆ ಕೆನ್ನೆಯಲ್ಲಿ ಗುಳಿ ಬೇರೆ. ಅವತ್ತು ಮಧ್ಯಾಹ್ನ ಗುಂಡುಸೂಜಿ ಕೋಟಿನ ಸೊಂಟವನ್ನು ಒಂದೂವರೆ ಇಂಚು ಬಿಗಿದಳು. 'ಉಸಿರಾಡ್ಲಿ, ನೋಡೋಣ!' ಸಂಜೆ ಮೆಟ್ಟಿಲಿಳಿಯುವಾಗ ಪಶ್ಚಾತ್ತಾಪವಾಯಿತು. ಪಾಪ, ನರ್ಸಿನದಾದರೂ ಏನು ತಪ್ಪು? ಮರುದಿನ ಬೆಳಿಗ್ಗೆ ಅವಳಿಗೆ ಬಡ್ತಿ ಕೊಟ್ಟು, ದೂರದ ಊರಿಗೆ ವರ್ಗ ಮಾಡಿ, ಸೊಂಟವನ್ನು ಮತ್ತೆ ಸಡಿಲ ಬಿಟ್ಟಳು. ತಪ್ಪಿಗೆ ದಂಡವೆಂದು ಕಾಲಿಂಚು ಹೆಚ್ಚೇ ಬಿಟ್ಟಳು.

ಆಮೇಲಿನ ತಿಂಗಳುಗಳಲ್ಲಿ ಅವನು ಬೇಸರದಲ್ಲಿದ್ದಂತೆ ಕಂಡ. ಬೇಸರದಲ್ಲಿರುವವರ ಬೆನ್ನು ಬಾಗುತ್ತದೆ, ಕೈಗಳು ಜೋತು ಬೀಳುತ್ತವೆ. ಬೆನ್ನಿಗೆ ಬಟ್ಟೆ ಬಿಟ್ಟಳು, ತೋಳು ಉದ್ದ ಮಾಡಿದಳು. ಎದೆಯನ್ನು ಮಾತ್ರ ಮುಟ್ಟಲಿಲ್ಲ. ಇನ್ನೊಬ್ಬರ ಎದೆಯ ವಿಷಯದಲ್ಲಿ ಊಹೆ ಮಾಡುವುದು ನ್ಯಾಯವಲ್ಲ ಅನಿಸುತ್ತಿತ್ತು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ಕಂಡಿದೀನಿ," ಎಂದಳು ಅತ್ತೆ. "ನೀನು ಆ ಕುಲಾವೀನ ತಿಂಗಳಿಗೊಂದ್ಸಲ ದೊಡ್ಡದು ಬೇರೆ ಮಾಡ್ತಿದೀಯಲ್ಲೇ! ಸೂಜಿ ಚುಚ್ಚಿ ಚುಚ್ಚಿ ಬಟ್ಟೆ ಜರಡಿ ಆಗಿದೆ. ಫೋನ್ ಮಾಡಿ ಕೇಳ್ಬಾರ್ದಾ ಅವನನ್ನ?"

"ಊಹೂಂ."

ನಂಬರು ಅವಳಿಗೆ ಬಾಯಿಪಾಠ. ಹಿಂದಿನಿಂದ ಮುಂದಕ್ಕೂ ಹೇಳಬಲ್ಲಳು. ಆದರೆ ಗಿರಾಕಿ ಅಂಗಡಿಗೆ ಕೊಟ್ಟ ನಂಬರನ್ನು ತನ್ನ ಮನಸ್ಸಿನ ಕೆಲಸಕ್ಕೆ ಬಳಸಿಕೊಂಡರೆ ಅದು ಕಳ್ಳತನವಲ್ಲವೇ? ಮತ್ತೆ, ಬರುವವನಾದರೆ ಬರುತ್ತಿದ್ದ. ಬಾರದವನಿಗೆ ಫೋನ್ ಮಾಡಿದರೆ, ಬರುವುದಿಲ್ಲ ಎಂದು ಅವನ ಬಾಯಿಂದಲೇ ಕೇಳಬೇಕಾಗುತ್ತದೆ. ಕಾಯುತ್ತಿದ್ದರೆ ಅಷ್ಟು ದಿನವಾದರೂ ಅವನು ಬರುವವನಾಗಿಯೇ ಇರುತ್ತಾನೆ.

ಅತ್ತೆಗೆ ಈ ತರ್ಕವೆಲ್ಲ ನಾಟುವಂಥದಲ್ಲ. ವರ್ಷಕ್ಕೆ ಎರಡು ಸಲ ಅಂಗಡಿಯಲ್ಲಿ ಒಂದು ಪದ್ಧತಿ: ಯಾರೂ ಒಯ್ಯದೆ ಬಿಟ್ಟ ಬಟ್ಟೆಗಳನ್ನೆಲ್ಲ ಬಿಚ್ಚಿ, ದಿಂಬಿನ ಚೀಲ ಮಾಡುವುದು. "ಈ ಶನಿವಾರ ಕೋಟು ಬಿಚ್ಚೋದೇ," ಎಂದುಬಿಟ್ಟಳು. "ಬಟ್ಟೆಗೆ ತಲೆಯಿಲ್ಲದ ಬೊಂಬೆ ಇದೆ ಅಂತ, ಮನುಷ್ಯರೂ ತಲೆಯಿಲ್ಲದ ಹಾಗೆ ಆಡ್ಬಾರ್ದು."

ಶುಕ್ರವಾರ ಸಂಜೆ ಗುಂಡುಸೂಜಿ ಬೊಂಬೆಯ ಮುಂದೆ ನಿಂತು ಅವನ ಊರಿಗೆ ಹೊರಡಲು ನೋಡಿದಳು. ಊರು ಸಿಗಲಿಲ್ಲ. ಬೀದಿ ಖಾಲಿ, ಮನೆ ಒಡತಿ ಬಾಗಿಲು ಹಾಕಿಕೊಂಡಿದ್ದಳು. ಇದ್ದದ್ದು ಲಿಫ್ಟ್ ಒಂದೇ. ಅದರೊಳಗೆ ಹೋಗಿ ನಿಂತಳು. ಅದು ಮೇಲೆ ಹೋಗುವ ಬದಲು ಇಳಿಯತೊಡಗಿತು. 'ಅವರು ಎಲ್ಲೋ ಮೇಲೆ ಹೋಗ್ತಿರ್ಬೇಕು,' ಅಂದುಕೊಂಡಳು. 'ಈ ಕಡೆ ಭಾರ ನಾನೇ.'

ಒಂದು ಮಹಡಿ ಕೆಳಗೆ ಹೊಲಿಗೆ ಅಂಗಡಿ. ಮೆಟ್ಟಿಲ ಮೇಲೆ ಪ್ಲಗ್ ನೋಡಲು ಓಡುತ್ತಿರುವ ತಾನು. ಅದರ ಕೆಳಗೆ ಶಾಲೆ: ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತು, ಕೈ ಮಾತ್ರ ಮೇಲೇಳುತ್ತಿಲ್ಲ, ಪಕ್ಕದ ಹುಡುಗಿ ಅದೇ ಉತ್ತರ ಹೇಳಿ ಶಹಬ್ಬಾಸ್ ಗಿಟ್ಟಿಸುತ್ತಿದ್ದಾಳೆ. ಎಲ್ಲಕ್ಕಿಂತ ಕೆಳಗೆ, ಆರು ವರ್ಷದ ಅವಳು ಕಣ್ಣಾಮುಚ್ಚಾಲೆಯಲ್ಲಿ ಅತ್ತೆಯ ಬಟ್ಟೆಯ ಪೆಟ್ಟಿಗೆಯೊಳಗೆ ಅಡಗಿ ಕೂತಿದ್ದಳು. ಎಷ್ಟು ಚೆನ್ನಾಗಿ ಅಡಗಿದ್ದಳೆಂದರೆ ಯಾರಿಗೂ ಸಿಗಲಿಲ್ಲ. ಹುಡುಕಿ ಸಾಕಾಗಿ ಮಕ್ಕಳೆಲ್ಲ ಆಟ ಬಿಟ್ಟು ಮನೆಗೆ ಹೋದರು. ಇವಳು ಮಾತ್ರ, ಯಾರಾದರೂ ಬಂದು ಮುಚ್ಚಳ ತೆಗೆಯುತ್ತಾರೆಂದು ಕತ್ತಲಾಗುವವರೆಗೆ ಕಾದಳು. 'ನಾನಿಲ್ಲಿದೀನಿ' ಅಂತ ಒಂದು ಕೂಗು ಹಾಕಿದ್ದರೆ ಆಗುತ್ತಿತ್ತು. ಹಾಕಿರಲಿಲ್ಲ.

"ಇನ್ನೂ ಇಲ್ಲೇ ಕೂತಿದೀಯೇನೇ?" ಎಂದು ಗುಂಡುಸೂಜಿ ಅವಳನ್ನು ಕೇಳಿದಳು.

"ಹೂಂ," ಅಂದಿತು ಮಗು.

ಶನಿವಾರ ಬೆಳಿಗ್ಗೆ ಅತ್ತೆ ಬೊಂಬೆಯ ಮೈಯಿಂದ ಕೋಟು ತೆಗೆದು ಮೇಜಿನ ಮೇಲೆ ಅಂಗಾತ ಮಲಗಿಸಿದಳು. ತಾತ ಕನ್ನಡಕ ತೆಗೆದು ಒರೆಸಿದ, ಹಾಕಿದ, ಮತ್ತೆ ತೆಗೆದ. "ನಲವತ್ತು ವರ್ಷದಲ್ಲಿ ನನ್ನ ಕಾಜಾ ಕಾಣದೆ ಸತ್ತ ಕೋಟು ಇದೊಂದೇ," ಎಂದು ಗೊಣಗಿದ.

"ಪುಸ್ತಕ ತೆಗಿ," ಎಂದಳು ಅತ್ತೆ. "ರದ್ದು ಅಂತ ಬರಿ. ಬರೆದ ಮೇಲೆ ಬಿಚ್ತೀನಿ. ನಂದೂ ಒಂದು ಕ್ರಮ ಇದೆ."

ಗುಂಡುಸೂಜಿ ಆರ್ಡರ್ ಪುಸ್ತಕ ತೆಗೆದಳು. ಪ್ರತಿ ಚೀಟಿಯ ಅರ್ಧ ಗಿರಾಕಿಗೆ, ಅರ್ಧ ಪುಸ್ತಕದಲ್ಲಿ. ಎರಡರಲ್ಲೂ ಅಚ್ಚಾಗಿದ್ದದ್ದು ಒಂದೇ. ಕೆಳಗೆ ಎರಡು ಸಾಲು: ಒಂದು, 'ಟ್ರಯಲ್‌ಗೆ ಬರಬೇಕಾದ ದಿನ'. ಇನ್ನೊಂದು, 'ಅಂಗಡಿಯಿಂದ ತಿಳಿಸುವವರೆಗೆ ಗಿರಾಕಿಗಳು ದಯವಿಟ್ಟು ಬರಬಾರದು'. ದಿನ ಬರೆದರೆ ಎರಡನೆಯದನ್ನು ಹೊಡೆದುಹಾಕಬೇಕು. ದಿನ ಬರೆಯದಿದ್ದರೆ ಮೊದಲನೆಯದನ್ನು. ಎಂಟು ವರ್ಷದಿಂದ ಅವಳು ದಿನವನ್ನೇ ಬರೆದು ಎರಡನೆಯ ಸಾಲನ್ನು ಹೊಡೆಯುತ್ತ ಬಂದವಳು. ಬರುಬರುತ್ತ ಆ ಸಾಲು ಅವಳ ಪಾಲಿಗೆ ಗೆರೆ ಎಳೆಯುವ ಜಾಗವಾಗಿತ್ತೇ ಹೊರತು ಓದುವ ಮಾತಾಗಿ ಉಳಿದಿರಲಿಲ್ಲ.

ಅವನ ಚೀಟಿಯಲ್ಲಿ ಅವಳು ದಿನ ಬರೆದಿರಲಿಲ್ಲ. ದೂರದ ಊರಿಗೆ ಹೋಗುವವನಿಗೆ ಇಂಥ ದಿನ ಬಾ ಎನ್ನುವುದು ಒತ್ತಾಯ ಮಾಡಿದಂತಾದೀತೆಂದು, ಅವನಿಗೆ ಅನುಕೂಲವಾದಾಗ ಬರಲೆಂದು, ದಿನದ ಸಾಲನ್ನೇ ಹೊಡೆದಿದ್ದಳು. ಸ್ಕೇಲು ಇಟ್ಟು, ಎರಡು ಸಲ. ಉಳಿದದ್ದು ಈಗ ಅವಳನ್ನೇ ದಿಟ್ಟಿಸುತ್ತಿತ್ತು: ತಿಳಿಸುವವರೆಗೆ ದಯವಿಟ್ಟು ಬರಬಾರದು.

ಅವಳ ಬಾಯಿಂದ ಸೂಜಿಗಳು ಒಂದೊಂದಾಗಿ ಉದುರಿದವು. ಟಣ್, ಟಣ್, ಟಣ್.

"ಏನಾಯ್ತೇ?" ಎಂದಳು ಅತ್ತೆ.

"ಅತ್ತೆ, ಅವರು ಬರದೇ ಇದ್ದದ್ದಲ್ಲ. ಬರಬೇಡಿ ಅಂತ ನಾನೇ ಬರೆದುಕೊಟ್ಟಿದೀನಿ."

ಅತ್ತೆ ಚೀಟಿ ನೋಡಿದಳು. ಮೇಜಿನ ಮೇಲೆ ಕತ್ತರಿ ಇಟ್ಟಳು. "ಬೇರೆ ಯಾರಾದ್ರೂ ಆಗಿದ್ರೆ ಚೀಟಿ ಓದ್ತಾನೇ ಇರ್ಲಿಲ್ಲ ಕಣೇ. ಓದೋ ಗಂಡೊಬ್ಬ ಸಿಕ್ಕಿದ, ಅವನಿಗೆ ಇಂಥದ್ದು ಬರೆದುಕೊಟ್ಟೆ. ಫೋನ್ ತಗೋ!"

ಫೋನಿನ ಒಂಬತ್ತನೆಯ ಅಂಕಿಯವರೆಗೆ ಒತ್ತಿ ಅವಳ ಬೆರಳು ನಿಂತಿತು. ಅವನು ಚೀಟಿಯನ್ನು ಎಲ್ಲಾದರೂ ಬಿಸಾಡಿ ಮರೆತಿದ್ದರೆ? ಏಳು ತಿಂಗಳು ಕಡಿಮೆಯೇ? ನಿಜಕ್ಕೂ ಒಬ್ಬ ನರ್ಸಿದ್ದರೆ? ಆಗ ಪೆಟ್ಟಿಗೆಯೊಳಗಿನ ಆ ಮಗು ನೆನಪಾಯಿತು. ಹತ್ತನೆಯದನ್ನೂ ಒತ್ತಿದಳು.

"ಹಲೋ?"

"ನಾನಿಲ್ಲಿದೀನಿ," ಎಂದಳು ಗುಂಡುಸೂಜಿ. ಆಮೇಲೆ ನಾಲಿಗೆ ಕಚ್ಚಿಕೊಂಡು, "ಅಂದ್ರೆ... ಹೊಲಿಗೆ ಅಂಗಡಿಯಿಂದ. ಕೋಟು ಟ್ರಯಲ್‌ಗೆ ರೆಡಿ ಇದೆ. ತಿಳಿಸ್ತಿದೀನಿ."

ಆ ಕಡೆ ಯಾವುದೋ ಸ್ಪ್ಯಾನರ್ ಬಿದ್ದ ಸದ್ದಾಯಿತು. "ಅಬ್ಬಾ! ನಿಮ್ಮ ಅಂಗಡೀಲಿ ಏನ್ ರಷ್ಷು ರೀ! ಏಳು ತಿಂಗಳು! ಹತ್ತು ನಿಮಿಷದಲ್ಲಿ ಬಂದೆ."

"ಹತ್ತು ನಿಮಿಷ? ನೀವು ಎಲ್ಲಿದೀರಿ?"

"ಇಲ್ಲೇ, ಹಿಂದಿನ ಬೀದಿಲಿ. ಆ ಊರಿಂದ ಬಂದು ಆರು ತಿಂಗಳಾಯ್ತು."

ಎಂಟನೆಯ ನಿಮಿಷಕ್ಕೆ ಅವನು ಬಾಗಿಲಲ್ಲಿದ್ದ. ಕೈಯಲ್ಲಿ ಚೀಟಿ, ಮಡಿಸಿ ಮಡಿಸಿ ಮೂಲೆ ಸವೆದು ಬಟ್ಟೆಯ ಹಾಗೆ ಮೆತ್ತಗಾಗಿತ್ತು.

"ಆರು ತಿಂಗಳಿಂದ ಹಿಂದಿನ ಬೀದಿಲಿ ಇದ್ದು ಈ ಕಡೆ ಒಂದು ದಿನ ತಲೆ ಹಾಕಿಲ್ವಲ್ಲೋ ಮಹಾರಾಯ!" ಎಂದಳು ಅತ್ತೆ.

"ಬರಬಾರದು ಅಂತ ಬರೆದಿತ್ತಲ್ಲ ಅಮ್ಮ. ನಮ್ಮ ಕೆಲಸದಲ್ಲಿ ಬೋರ್ಡ್ ಓದದೆ ಬಾಗಿಲು ತೆಗೆದೋನು ಸೀದಾ ತಳಕ್ಕೆ ಹೋಗ್ತಾನೆ. ಅಂಗಡಿ ಮುಂದೆ ಓಡಾಡಿದ್ರೆ ಅವಸರ ಮಾಡಿದ ಹಾಗಾಗುತ್ತೆ ಅಂತ ಸುತ್ತು ಹಾಕ್ಕೊಂಡು ಹೋಗ್ತಿದ್ದೆ. ಎರಡು ಜೊತೆ ಚಪ್ಪಲಿ ಸವೆದ್ವು."

"ಒಳ್ಳೆ ಜೋಡಿ," ಎಂದ ತಾತ ಕಿಟಕಿಯ ಕಡೆ ತಿರುಗಿ. "ಒಬ್ಳು ಬರೆದದ್ದನ್ನ ಓದಲ್ಲ, ಒಬ್ಬ ಓದಿದ್ದನ್ನ ಬಿಡಲ್ಲ."

ಅವನು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ. ತೋಳು ಬೆರಳುಗಳನ್ನು ನುಂಗಿತ್ತು. ಭುಜಗಳು ಎರಡೂ ಕಡೆ ಜಾರುತ್ತಿದ್ದವು. ಸೊಂಟದಲ್ಲಿ ಇನ್ನೊಬ್ಬ ಸಣ್ಣ ಆಳು ಹಿಡಿಸುವಷ್ಟು ಜಾಗ, ಬೆನ್ನಿನಲ್ಲಿ ಒಂಟೆಯ ಡುಬ್ಬ.

"ಇದು ಯಾರ ಕೋಟು?" ಎಂದ ಮೆಲ್ಲಗೆ.

"ನಿಮ್ದೇ." ಅವಳ ಮುಖ ಕೆಂಪಾಯಿತು. "ಆ ಊರಲ್ಲಿ ನಿಮಗೆ ತುಂಬಾ ಬಡಿಸ್ತಿದ್ರು, ಅದಕ್ಕೆ ಸೊಂಟ..."

"ಯಾರು ಬಡಿಸ್ತಿದ್ರು?"

"ಮನೆ ಒಡತಿ."

"ನಾನು ಆಸ್ಪತ್ರೆ ಶೆಡ್ಡಲ್ಲಿ ಮಲಗ್ತಿದ್ದೆ ರೀ. ಮೂರು ಹೊತ್ತೂ ಬ್ರೆಡ್ಡು."

"ಹಾಗಾದ್ರೆ ಆ ನರ್ಸೂ ಇರ್ಲಿಲ್ವಾ?"

"ಯಾವ ನರ್ಸು?"

"ಹೋಗ್ಲಿ ಬಿಡಿ. ಅವಳಿಗೆ ವರ್ಗ ಆಯ್ತು."

ತಾತ ನಗು ತಡೆಯಲಾರದೆ ಕೆಮ್ಮಿದ. ಗುಂಡುಸೂಜಿ ತಲೆ ತಗ್ಗಿಸಿ, ಸೂಜಿಗಳನ್ನು ಮತ್ತೆ ತುಟಿಗೆ ಸಿಕ್ಕಿಸಿ, ಕೋಟನ್ನು ಹಿಡಿಯತೊಡಗಿದಳು. ಸೊಂಟ, ಭುಜ, ಬೆನ್ನು; ಒಂದೊಂದು ಸೂಜಿ ಚುಚ್ಚಿದಾಗಲೂ ಅವಳು ಕಟ್ಟಿದ ಊರಿನ ಒಂದೊಂದು ಗೋಡೆ ಬೀಳುತ್ತಿತ್ತು. ಬಿದ್ದರೆ ಬೀಳಲಿ, ಊರಿನವನೇ ಇಲ್ಲಿದ್ದಾನಲ್ಲ. ಎದೆಯ ಬಳಿ ಬಂದಾಗ ಕೈ ನಿಂತಿತು. ಅಲ್ಲಿ ಅವಳು ಒಂದು ನೂಲೂ ಮುಟ್ಟಿರಲಿಲ್ಲ. ಆದರೂ ಎರಡಿಂಚು ಸಡಿಲ.

ಅವಳು ತುಟಿಯ ಒಂದು ಬದಿಯ ಸೂಜಿ ತೆಗೆದಳು. "ಇಲ್ಲಿ ನಾನೇನೂ ಮಾಡಿಲ್ಲ. ನೀವು ಇಳಿದುಹೋಗಿದೀರಿ."

"ಇಳಿದಿಲ್ಲ." ಅವನು ಕನ್ನಡಿಯಲ್ಲಿ ತನ್ನ ಕಿವಿಯನ್ನೇ ನೋಡುತ್ತ ಹೇಳಿದ. "ಅವತ್ತು ಅಳತೆ ತಗೊಳ್ಳುವಾಗ ಉಸಿರು ಹಿಡ್ಕೊಂಡಿದ್ದೆ."

"ಯಾಕೆ?"

"ನೀವು ಅಷ್ಟು ಹತ್ರ ನಿಂತಿದ್ರಲ್ಲ. ಉಸಿರು ಬಿಟ್ರೆ ಗುಂಡಿ ವಿಷಯ ಎಲ್ಲಾ ಹೊರಗೆ ಬಂದುಬಿಡುತ್ತೇನೋ ಅಂತ."

ಅತ್ತೆ ಏನೋ ಹೇಳಲು ಬಾಯಿ ತೆರೆದವಳು, ಹುಟ್ಟಿದಾರಭ್ಯ ಮೊದಲ ಸಲ, ಸುಮ್ಮನೆ ಮುಚ್ಚಿಕೊಂಡಳು.

"ಕೋಟು ಸರಿ ಮಾಡೋಕೆ ಇನ್ನೂ ಎರಡು ವಾರ ಬೇಕು," ಎಂದಳು ಗುಂಡುಸೂಜಿ.

"ಪರವಾಗಿಲ್ಲ, ಕಾಯ್ತೀನಿ. ತಿಳಿಸಿ."

"ನಾನು ಕಾಯಲ್ಲ." ಅವಳು ಬಾಯಲ್ಲಿ ಉಳಿದಿದ್ದ ಸೂಜಿಗಳನ್ನೆಲ್ಲ ತೆಗೆದು ಅವನ ಕೋಟಿನ ಕಾಲರಿಗೆ ಸಾಲಾಗಿ ಚುಚ್ಚಿದಳು. ಈಗ ಬಾಯಲ್ಲಿ ಏನೂ ಇರಲಿಲ್ಲ. ಅಷ್ಟು ಖಾಲಿ ಬಾಯಿಯನ್ನು ಏನು ಮಾಡಬೇಕೆಂದು ಒಂದು ಕ್ಷಣ ಅವಳಿಗೇ ತೋಚಲಿಲ್ಲ. "ನೀವು ಕೇಳೋದನ್ನ ನಾನೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

"ಅದು ನನ್ನ ಮಾತು ರೀ! ಏಳು ತಿಂಗಳಿಂದ ಇಟ್ಕೊಂಡಿದ್ದೆ!"

"ಇರ್ಲಿ. ಉತ್ತರ ಹೇಳಿ."

"ಹೂಂ."

"ಹೂಂ ಅಂದ್ರೆ?"

ಅವನು ಎದೆಯಲ್ಲಿದ್ದ ಉಸಿರನ್ನೆಲ್ಲ ಬಿಟ್ಟ. "ಹೂಂಹೂಂ!"

ಕಿಟಕಿಯ ಬಳಿಯ ಸ್ಟೂಲು ಕಿರುಗುಟ್ಟಿತು. ತಾತ ತನ್ನ ಸಣ್ಣ ಉಳಿ ಹಿಡಿದು ಎದ್ದು ಬಂದಿದ್ದ. "ಹಾಗಾದ್ರೆ ಕಾಜಾ ಕತ್ತರಿಸ್ಲೇನಮ್ಮಾ?"

"ಕತ್ತರಿಸಿ ತಾತ."

"ಏ ಮುದುಕಪ್ಪಾ!" ಅತ್ತೆಯ ಬಾಯಿಗೆ ಮಾತು ವಾಪಸ್ ಬಂತು. "ಅಳತೆನೇ ಸರಿ ಆಗಿಲ್ಲ, ಈಗ್ಲೇ ಕಾಜಾನಾ?"

"ಅಳತೆ ಸರಿ ಆಗ್ಲಿ ಅಂತ ಕೂತ್ರೆ ಇವರಿಬ್ರೂ ಇನ್ನೇಳು ತಿಂಗಳು ತಗೋತಾರೆ," ಎಂದು ತಾತ ಕೋಟಿನ ಅಂಚಿಗೆ ಉಳಿ ಇಟ್ಟು ಒಂದೇಟು ಹೊಡೆದ. "ಕೋಟು ಬೇಕಾದ್ರೆ ಕಾಜಾಗೆ ಹೊಂದ್ಕೊಳ್ಲಿ."

ಸಂಜೆ ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದರು. ಈ ಸಲ ಮುಂದಿನ ಬೀದಿಗೇ. ಹತ್ತು ಹೆಜ್ಜೆ ನಡೆದ ಮೇಲೆ ಗುಂಡುಸೂಜಿ ಗಕ್ಕನೆ ನಿಂತಳು.

"ಏನು?"

"ಇಸ್ತ್ರಿಪೆಟ್ಟಿಗೆ ಪ್ಲಗ್ಗು. ಕಿತ್ತೆನೋ ಇಲ್ವೋ."

"ಕಿತ್ತಿದ್ದನ್ನ ನಾನೇ ನೋಡ್ದೆ."

"ಆದ್ರೂ..."

"ಹೋಗ್ಬನ್ನಿ," ಎಂದು ಅವನು ದೀಪದ ಕಂಬಕ್ಕೆ ಒರಗಿ ನಿಂತ.

ಅವಳು ಮೂರು ಸಲ ಹೋಗಿ ಬಂದಳು. ಮೂರನೆಯ ಸಲ ಬರುವಾಗ ಮೇಲಿನ ಮೆಟ್ಟಿಲಿನಿಂದಲೇ ಇಣುಕಿದಳು. ಕಂಬದ ಕೆಳಗೆ ಅವನು ನಿಂತೇ ಇದ್ದ, ಶರ್ಟಿನ ಗುಂಡಿಯೊಂದನ್ನು ತಿರುಗಿಸುತ್ತ.

"ನಾನಿಲ್ಲಿದೀನಿ!" ಎಂದು ಕೂಗಿ ಅವಳು ಮೆಟ್ಟಿಲಿಳಿದಳು.